ಮೂರು ನಿಮಿಷದ ರೌಂಡಿಗೆ ಮುಕ್ಕಾಲು ಗಂಟೆಯ ಓಟ ಯಾಕೆ?

2024ರ ಆಗಸ್ಟ್ 7ರ ಬೆಳಿಗ್ಗೆ ಪ್ಯಾರಿಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಾಟ್ ಅವರ ತೂಕ ತಮ್ಮ ವಿಭಾಗದ ಮಿತಿಗಿಂತ 100 ಗ್ರಾಂ ಜಾಸ್ತಿ ಬಂತು. ಒಲಿಂಪಿಕ್ಸ್ ಫೈನಲ್ ಕೈತಪ್ಪಿತು. ಹಿಂದಿನ ರಾತ್ರಿ ಅವರು ನಿದ್ದೆಗೆಟ್ಟು ಜಾಗಿಂಗ್ ಮಾಡಿದ್ದು, ಸೌನಾದಲ್ಲಿ ಬೆವರಿದ್ದು, ಕೊನೆಗೆ ಕೂದಲನ್ನೂ ಕತ್ತರಿಸಿಕೊಂಡಿದ್ದು ಎಲ್ಲ ಟಿವಿಯಲ್ಲಿ ಬಂತು. ಕುಸ್ತಿಪಟುಗಳಿಗೂ ಓಟಕ್ಕೂ ಸಂಬಂಧ ಇದೆ ಎಂದು ಎಷ್ಟೋ ಜನರಿಗೆ ಗೊತ್ತಾಗಿದ್ದೇ ಆಗ. ಹಾಗಾಗಿ ಕುಸ್ತಿಪಟು ಓಡುವುದು ತೂಕ ಇಳಿಸುವುದಕ್ಕೆ ಅನ್ನುವ ಲೆಕ್ಕ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಅದು ಒಂದು ಬಗೆಯ ಓಟ, ಅಷ್ಟೆ. ವರ್ಷವಿಡೀ ನಡೆಯುವ ಇನ್ನೊಂದು ಓಟ ಇದೆ. ಬಾಕ್ಸರ್‌ಗಳು ಅದನ್ನು ರೋಡ್‌ವರ್ಕ್ ಅನ್ನುತ್ತಾರೆ. ಬೆಳಿಗ್ಗೆ ಬೇಗ ಎದ್ದು, ಪಕ್ಕದವರ ಜೊತೆ ಮಾತಾಡಿಕೊಂಡು ಹೋಗಬಹುದಾದ ವೇಗದಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಓಡುವುದು. ಈಗ ನಮ್ಮ ಊರುಗಳಲ್ಲೂ ಮಕ್ಕಳು ಬಾಕ್ಸಿಂಗ್, ಎಂಎಂಎ (ಹೊಡೆತ, ಹಿಡಿತ ಎರಡೂ ಇರುವ ಮಿಶ್ರ ಕಾದಾಟ) ಅಂತ ಸೇರುತ್ತಿದ್ದಾರೆ. ಸೇರಿದ ವಾರಕ್ಕೇ ಕೋಚ್ ಓಡಿಸಲು ಶುರು ಮಾಡುತ್ತಾರೆ. ಮಗ ಬಾಕ್ಸಿಂಗ್ ಕಲಿಯಲು ಹೋಗಿದ್ದು, ಮ್ಯಾರಥಾನ್‌ಗಲ್ಲ ಅಲ್ವಾ ಎಂದು ಅಪ್ಪ ಅಮ್ಮ ಕೇಳುತ್ತಾರೆ. ಮೊಬೈಲ್ ತೆರೆದರೆ ‘ಫೈಟರ್‌ಗೆ ಜಾಗಿಂಗ್ ವೇಸ್ಟ್, ಸ್ಪ್ರಿಂಟ್ ಮಾಡಿದರೆ ಸಾಕು’ ಅನ್ನುವ ವಿಡಿಯೊ ಬೇರೆ.

ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಬೇಕಾದರೆ ಮೊದಲು ಅಖಾಡದಲ್ಲಿ ಏನಾಗುತ್ತದೆ ಎಂದು ನೋಡಬೇಕು.

## ಆರು ನಿಮಿಷದೊಳಗೆ ಏನೇನು ನಡೆಯುತ್ತದೆ

ಒಲಿಂಪಿಕ್ಸ್ ಬಾಕ್ಸಿಂಗ್‌ನಲ್ಲಿ 3 ನಿಮಿಷದ 3 ರೌಂಡ್, ನಡುವೆ 1 ನಿಮಿಷ ಬಿಡುವು. ಫ್ರೀಸ್ಟೈಲ್ ಕುಸ್ತಿಯಲ್ಲಿ 3 ನಿಮಿಷದ ಎರಡು ಅವಧಿ, ಬಿಡುವು ಬರೀ 30 ಸೆಕೆಂಡ್. ಎಂಎಂಎ ಆದರೆ 5 ನಿಮಿಷದ 3 ರೌಂಡ್, ಟೈಟಲ್ ಪಂದ್ಯಕ್ಕೆ 5 ರೌಂಡ್. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಪುರುಷರ ಟೈಟಲ್ ಪಂದ್ಯ 12 ರೌಂಡ್‌ವರೆಗೆ ಎಳೆಯುತ್ತದೆ.

ಈ ಹೊತ್ತಿನಲ್ಲಿ ಯಾರೂ ಪೂರ್ತಿ ಜೋರಿನಲ್ಲಿ ಹೊಡೆದಾಡುತ್ತಲೇ ಇರುವುದಿಲ್ಲ. ಎರಡು ಮೂರು ಸೆಕೆಂಡ್ ಪಂಚ್‌ಗಳ ಸುರಿಮಳೆ. ಆಮೇಲೆ ಹತ್ತಿಪ್ಪತ್ತು ಸೆಕೆಂಡ್ ಸುತ್ತು ಹಾಕುವುದು, ದೂರ ಅಳೆಯುವುದು, ಕೈ ಮೇಲೆತ್ತಿ ಕಾಯುವುದು. ಕುಸ್ತಿಯಲ್ಲಿ ಕಾಲಿಗೆ ನುಗ್ಗುವುದು ಒಂದು ಕ್ಷಣದ ಕೆಲಸ. ಅದಕ್ಕೆ ಮುಂಚೆ ಕುತ್ತಿಗೆ, ಮಣಿಕಟ್ಟು ಹಿಡಿದು ಎಳೆದಾಡುವುದೇ ಜಾಸ್ತಿ. ಅಂದರೆ ಜೋರು, ಬಿಡುವು, ಜೋರು, ಬಿಡುವು. ಜೋರು ಗೆಲ್ಲಿಸುತ್ತದೆ, ನಿಜ. ಆದರೆ ಮುಂದಿನ ಸಲ ಅಷ್ಟೇ ಜೋರು ಬರುತ್ತದಾ ಅನ್ನುವುದನ್ನು ತೀರ್ಮಾನಿಸುವುದು ಆ ನಡುವಿನ ಬಿಡುವು.

ಪ್ಯಾರಿಸ್‌ನಲ್ಲಿ ವಿನೇಶ್ ಅವರ ಮೊದಲ ಪಂದ್ಯ ಜಪಾನಿನ ಯುಯಿ ಸುಸಾಕಿ ಜೊತೆ. ಬೇರೆ ದೇಶದ ಯಾರೂ ಅದುವರೆಗೆ ಸುಸಾಕಿಯನ್ನು ಸೋಲಿಸಿರಲಿಲ್ಲ. ವಿನೇಶ್ 0–2 ಹಿಂದಿದ್ದರು, ಆರು ನಿಮಿಷ ಮುಗಿಯಲು ಕೆಲವೇ ಸೆಕೆಂಡ್ ಇತ್ತು. ಆಗ ನುಗ್ಗಿ ಟೇಕ್‌ಡೌನ್ ಮಾಡಿ, ಅಂದರೆ ಎದುರಾಳಿಯನ್ನು ಮ್ಯಾಟ್‌ಗೆ ಕೆಡವಿ, 3–2ರಲ್ಲಿ ಗೆದ್ದರು. ಅದೇ ದಿನ ಇನ್ನೂ ಎರಡು ಪಂದ್ಯ ಆಡಿ ಎರಡನ್ನೂ ಗೆದ್ದರು. ಪಟ್ಟು ಬರುವವರು ಬೇಕಾದಷ್ಟು ಜನ ಇದ್ದಾರೆ. ಐದೂವರೆ ನಿಮಿಷ ಎಳೆದಾಡಿದ ಮೇಲೂ ಆ ಪಟ್ಟನ್ನು ಮೊದಲ ನಿಮಿಷದ ವೇಗದಲ್ಲಿ ಹಾಕುವವರು ಕಮ್ಮಿ.

## ಶಕ್ತಿ ಬರುವ ಮೂರು ದಾರಿ

ಸ್ನಾಯು ಬಳಸುವ ಇಂಧನ ಒಂದೇ. ಅದರ ಹೆಸರು ಎಟಿಪಿ. ಸ್ನಾಯುವಿನಲ್ಲಿ ಅದರ ದಾಸ್ತಾನು ಪೂರ್ತಿ ಜೋರಿಗೆ ಎರಡು ಮೂರು ಸೆಕೆಂಡಿಗೆ ಸಾಕಾಗುವಷ್ಟು ಮಾತ್ರ. ಖರ್ಚಾದ ಹಾಗೆ ಹೊಸದಾಗಿ ಮಾಡಿಕೊಳ್ಳುತ್ತಲೇ ಇರಬೇಕು. ಮಾಡಿಕೊಳ್ಳಲು ಮೈಗೆ ಮೂರು ದಾರಿ ಇವೆ.

ಮೊದಲನೆಯದು ಕ್ರಿಯೇಟಿನ್ ಫಾಸ್ಫೇಟ್. ಸ್ನಾಯುವಿನೊಳಗೇ ಕೂಡಿಟ್ಟ ವಸ್ತು. ಕೇಳಿದ ತಕ್ಷಣ ಶಕ್ತಿ ಕೊಡುತ್ತದೆ, ಆಮ್ಲಜನಕಕ್ಕೆ ಕಾಯುವುದಿಲ್ಲ. ಆದರೆ ಪೂರ್ತಿ ಜೋರಿನಲ್ಲಿ ಹತ್ತು ಸೆಕೆಂಡ್ ಆಸುಪಾಸಿಗೆ ಬತ್ತಿಹೋಗುತ್ತದೆ. ನಾಕೌಟ್ ಪಂಚ್, ಎತ್ತಿ ಒಗೆಯುವ ಪಟ್ಟು, ಎಲ್ಲ ಇದರದ್ದೇ ಕೆಲಸ.

ಎರಡನೆಯದು ಆಮ್ಲಜನಕ ಇಲ್ಲದೆ ಸಕ್ಕರೆಯನ್ನು ಒಡೆಯುವ ದಾರಿ. ಅರ್ಧ ನಿಮಿಷದಿಂದ ಎರಡು ನಿಮಿಷದವರೆಗಿನ ಕಷ್ಟದ ಕೆಲಸದಲ್ಲಿ ಇದರ ಪಾಲು ದೊಡ್ಡದು. ತೊಡೆ ಉರಿಯುತ್ತದಲ್ಲ, ತೋಳು ಕಲ್ಲಾಗುತ್ತದಲ್ಲ, ಅದು ಈ ದಾರಿ ಜೋರಾಗಿ ನಡೆಯುತ್ತಿರುವಾಗ. ಆ ಉರಿಗೆ ಲ್ಯಾಕ್ಟಿಕ್ ಆ್ಯಸಿಡ್ ಅನ್ನುವ ವಿಷ ಕಾರಣ ಎಂದು ಜಿಮ್‌ಗಳಲ್ಲಿ ಇನ್ನೂ ಹೇಳುತ್ತಾರೆ. ಲ್ಯಾಕ್ಟೇಟ್ ವಿಷವಲ್ಲ. ಆಮ್ಲಜನಕ ಸಿಕ್ಕರೆ ಹೃದಯವೂ ಬೇರೆ ಸ್ನಾಯುಗಳೂ ಅದನ್ನೇ ಇಂಧನವಾಗಿ ಸುಡುತ್ತವೆ.

ಮೂರನೆಯದು ಆಮ್ಲಜನಕ ಬಳಸಿ ಸಕ್ಕರೆ ಮತ್ತು ಕೊಬ್ಬನ್ನು ಸುಡುವುದು. ಏರೋಬಿಕ್ ಎಂದರೆ ಇದೇ. ನಿಧಾನ, ಆದರೆ ಸುಲಭಕ್ಕೆ ಮುಗಿಯುವುದಿಲ್ಲ.

ಇವು ಸರದಿಯಲ್ಲಿ ಬರುತ್ತವೆ ಅಂದುಕೊಳ್ಳಬೇಡಿ. ಮೂರೂ ಯಾವಾಗಲೂ ಒಟ್ಟಿಗೇ ನಡೆಯುತ್ತಿರುತ್ತವೆ, ಪಾಲು ಮಾತ್ರ ಬದಲಾಗುತ್ತದೆ. ಒಂದೇ ಸಮನೆ ಪೂರ್ತಿ ಜೋರಿನಲ್ಲಿ ಕೆಲಸ ಮಾಡಿದರೂ, ಸುಮಾರು 75 ಸೆಕೆಂಡ್ ಹೊತ್ತಿಗೆ ಅರ್ಧ ಶಕ್ತಿ ಆಮ್ಲಜನಕದ ದಾರಿಯಿಂದ ಬಂದಿರುತ್ತದೆ.

ಈಗ ಮುಖ್ಯ ಮಾತು. ಮನೆಯ ಮೇಲಿನ ನೀರಿನ ಟ್ಯಾಂಕ್ ನೆನೆಸಿಕೊಳ್ಳಿ. ನಲ್ಲಿ ಪೂರ್ತಿ ತಿರುಗಿಸಿದರೆ ನೀರು ಧೋ ಎಂದು ಬರುತ್ತದೆ, ಸ್ವಲ್ಪ ಹೊತ್ತಿಗೆ ಟ್ಯಾಂಕ್ ಖಾಲಿ. ಅದನ್ನು ಮತ್ತೆ ತುಂಬಿಸುವುದು ಕೆಳಗಿನ ಸಂಪ್‌ನ ಮೋಟಾರ್. ಕ್ರಿಯೇಟಿನ್ ಫಾಸ್ಫೇಟ್ ಆ ಟ್ಯಾಂಕ್, ಏರೋಬಿಕ್ ದಾರಿ ಆ ಮೋಟಾರ್. ಖಾಲಿಯಾದ ಕ್ರಿಯೇಟಿನ್ ಫಾಸ್ಫೇಟ್ ಹೆಚ್ಚುಕಮ್ಮಿ ಪೂರ್ತಿ ಆಮ್ಲಜನಕದ ದಾರಿಯಿಂದಲೇ ಮತ್ತೆ ತುಂಬಬೇಕು. ಅರ್ಧ ತುಂಬಲು ಸುಮಾರು 30 ಸೆಕೆಂಡ್ ಬೇಕು, ಪೂರ್ತಿಗೆ 3ರಿಂದ 5 ನಿಮಿಷ. ರೌಂಡ್ ನಡುವಿನ ಬಿಡುವು ಒಂದೇ ನಿಮಿಷ. ಟ್ಯಾಂಕ್ ಪೂರ್ತಿ ತುಂಬುವ ಮಾತೇ ಇಲ್ಲ. ಯಾರ ಮೋಟಾರ್ ಜೋರಾಗಿದೆಯೋ ಅವರು ಮುಂದಿನ ರೌಂಡಿಗೆ ಜಾಸ್ತಿ ನೀರು ಇಟ್ಟುಕೊಂಡು ಎದ್ದು ನಿಲ್ಲುತ್ತಾರೆ.

2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 2 ನಿಮಿಷದ 3 ರೌಂಡ್ ಇರುವ ಅಮೆಚೂರ್ ಬಾಕ್ಸಿಂಗ್ ಮಾದರಿಯ ಪಂದ್ಯದ ಶಕ್ತಿಯ ಲೆಕ್ಕ ಹಾಕಿದರು. ಏರೋಬಿಕ್ ದಾರಿಯ ಪಾಲು ಸುಮಾರು ಶೇ 77, ಕ್ರಿಯೇಟಿನ್ ಫಾಸ್ಫೇಟ್ ಶೇ 19, ಸಕ್ಕರೆಯ ದಾರಿ ಬರೀ ಶೇ 4. ಟೇಕ್ವಾಂಡೊ ಬಗ್ಗೆ 2012ರ ಅಧ್ಯಯನದಲ್ಲಿ ಇವೇ ಪಾಲುಗಳು 66, 30, 4. ಇದನ್ನು ನೋಡಿ ಬಾಕ್ಸಿಂಗ್ ಮುಕ್ಕಾಲು ಪಾಲು ಜಾಗಿಂಗ್ ಇದ್ದ ಹಾಗೆ ಎಂದರೆ ತಪ್ಪಾಗುತ್ತದೆ. ಅಂಕ ತರುವ ಪಂಚ್ ಆ ಶೇ 19ರೊಳಗೇ ಇದೆ. ಉಳಿದ ಶೇ 77 ಮಾಡುವ ಕೆಲಸ ಕಾಲಿನ ಚಲನೆಯನ್ನು ನಡೆಸುವುದು ಮತ್ತು ಆ 19ನ್ನು ಪದೇ ಪದೇ ತುಂಬಿಕೊಡುವುದು.

## ನಿಧಾನ ಓಟ ಹೃದಯಕ್ಕೆ ಏನು ಮಾಡುತ್ತದೆ

ಆರಾಮಾಗಿ ಕೂತಿರುವ ಸಾಧಾರಣ ಆಳಿನ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ತಳ್ಳುತ್ತದೆ. ನಿಮಿಷಕ್ಕೆ 70 ಬಡಿತ ಅಂದರೆ ಸುಮಾರು 5 ಲೀಟರ್. ಮೈಗೆ ಬೇಕಿರುವುದು ಅಷ್ಟು. ಅದೇ ಹೃದಯ ಬಡಿತಕ್ಕೆ 100 ಮಿಲಿಲೀಟರ್ ತಳ್ಳುವಂತಾದರೆ, ಅದೇ 5 ಲೀಟರಿಗೆ 50 ಬಡಿತ ಸಾಕು. ಚೆನ್ನಾಗಿ ಓಡಿದವರ ನಾಡಿ ಬೆಳಿಗ್ಗೆ ಎದ್ದಾಗ 50ರ ಆಸುಪಾಸು ಸಿಗುವುದು ಇದೇ ಕಾರಣಕ್ಕೆ. ಪಂದ್ಯದಲ್ಲಿ ನಾಡಿ 180 ದಾಟಿದಾಗ ಪ್ರತಿ ಬಡಿತಕ್ಕೂ ಜಾಸ್ತಿ ರಕ್ತ ಹೋಗುತ್ತದೆ ಅಂದರೆ ಎಷ್ಟು ವ್ಯತ್ಯಾಸ, ಲೆಕ್ಕ ಹಾಕಿ.

ಹೃದಯದ ಕೋಣೆ ಹೀಗೆ ದೊಡ್ಡದಾಗಬೇಕಾದರೆ ಅದು ಪ್ರತಿ ಬಡಿತಕ್ಕೂ ರಕ್ತದಿಂದ ಚೆನ್ನಾಗಿ ತುಂಬಿ ಹಿಗ್ಗಬೇಕು, ಅದೂ ಸಾವಿರಾರು ಸಲ. ಹಗುರ ಓಟದಲ್ಲಿ ಕಾಲಿನಿಂದ ರಕ್ತ ಧಾರಾಳವಾಗಿ ವಾಪಸ್ ಬರುತ್ತದೆ, ಹೃದಯಕ್ಕೆ ತುಂಬಿಕೊಳ್ಳಲು ಹೊತ್ತೂ ಸಿಗುತ್ತದೆ. 140ರ ನಾಡಿಯಲ್ಲಿ 40 ನಿಮಿಷ ಓಡಿದರೆ 5,600 ಬಡಿತ. ಇಷ್ಟು ದೊಡ್ಡ ಸಂಖ್ಯೆ ಸ್ಪ್ರಿಂಟ್‌ನಲ್ಲಿ ಸಿಗುವುದಿಲ್ಲ, ಯಾಕೆಂದರೆ ಯಾರೂ ಅಷ್ಟು ಹೊತ್ತು ಸ್ಪ್ರಿಂಟ್ ಮಾಡಲಾರರು.

ಸ್ನಾಯುವಿನಲ್ಲೂ ಬದಲಾವಣೆ ಆಗುತ್ತದೆ. ಕೂದಲಿಗಿಂತ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಆಮ್ಲಜನಕ ಬಳಸಿ ಇಂಧನ ಸುಡುವ ಮೈಟೊಕಾಂಡ್ರಿಯಾಗಳು ಹೆಚ್ಚುತ್ತವೆ. ಇನ್ನೂ ಬೇಗ ಆಗುವ ಬದಲಾವಣೆ ಎಂದರೆ ರಕ್ತದ ನೀರಿನಂಶ, ಅಂದರೆ ಪ್ಲಾಸ್ಮಾ, ಹೆಚ್ಚುವುದು. ಅಭ್ಯಾಸ ಶುರು ಮಾಡಿದ ಒಂದೆರಡು ವಾರದಲ್ಲೇ ಇದು ಕಾಣಿಸುತ್ತದೆ.

ತೂಕ ಇಳಿಸುವ ಓಟ ಈ ಓಟಕ್ಕೆ ತಿರುಗಿ ನಿಲ್ಲುವುದು ಇಲ್ಲೇ. ತೂಕ ನೋಡುವ ಹಿಂದಿನ ರಾತ್ರಿ ಪ್ಲಾಸ್ಟಿಕ್ ಜಾಕೆಟ್ ಹಾಕಿ ಓಡಿದರೆ ಹೋಗುವುದು ಕೊಬ್ಬಲ್ಲ, ನೀರು. ಪ್ಲಾಸ್ಮಾ ಇಳಿಯುತ್ತದೆ, ಹೃದಯಕ್ಕೆ ತುಂಬಲು ರಕ್ತ ಸಾಲದು, ಬಡಿತ ಏರುತ್ತದೆ, ಮೈ ಬಿಸಿ ಇಳಿಯುವುದಿಲ್ಲ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಒಂದು ತಿಂಗಳ ಆಸುಪಾಸಿನಲ್ಲಿ ಹೀಗೇ ತೂಕ ಇಳಿಸಲು ಹೋಗಿ ಸತ್ತರು. ಆಮೇಲೆ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ರಬ್ಬರ್ ಸೂಟ್, ಸೌನಾ ಎಲ್ಲವನ್ನೂ ನಿಷೇಧಿಸಿತು. ತಿಂಗಳುಗಟ್ಟಲೆ ಬೆಳಿಗ್ಗೆ ಎದ್ದು ಓಡಿ ಗಳಿಸಿದ್ದರಲ್ಲಿ ಒಂದಷ್ಟನ್ನು ಒಂದೇ ರಾತ್ರಿಯ ಓಟ ಕಿತ್ತುಕೊಳ್ಳುತ್ತದೆ. ಎರಡಕ್ಕೂ ಓಟ ಅನ್ನುವುದರಿಂದಲೇ ಈ ಗೊಂದಲ.

## ಇದು ಬಂದಿದ್ದು ಎಲ್ಲಿಂದ

ಮೈಟೊಕಾಂಡ್ರಿಯಾ ಅನ್ನುವ ಹೆಸರು ಹುಟ್ಟುವ ಮುಂಚೆಯೇ ಕಾದಾಡುವವರಿಗೆ ಇದು ಗೊತ್ತಿತ್ತು. ಇಂಗ್ಲೆಂಡಿನ ಟಾಮ್ ಕ್ರಿಬ್ ಕೈಗವಸಿಲ್ಲದೆ ಹೊಡೆದಾಡುವ ಕಾಲದ ಬಾಕ್ಸರ್. 1810ರ ಡಿಸೆಂಬರ್‌ನಲ್ಲಿ ಅಮೆರಿಕದಿಂದ ಬಂದ, ಒಂದು ಕಾಲದಲ್ಲಿ ಗುಲಾಮನಾಗಿದ್ದ ಟಾಮ್ ಮಾಲಿನೊ ಎದುರು ಮೂವತ್ತಕ್ಕೂ ಹೆಚ್ಚು ರೌಂಡ್ ಬಡಿದಾಡಿ, ಸೋಲಿನ ಅಂಚಿಗೆ ಹೋಗಿ ಹೇಗೋ ಗೆದ್ದಿದ್ದ. ಗೆಲುವು ನ್ಯಾಯವಾಗಿತ್ತಾ ಅನ್ನುವ ಜಗಳ ಇವತ್ತಿಗೂ ಇದೆ.

ಮರುಪಂದ್ಯಕ್ಕೆ ಅವನನ್ನು ತಯಾರು ಮಾಡಿದವರು ಕ್ಯಾಪ್ಟನ್ ಬಾರ್ಕ್ಲೆ. ಇವರು ಬಾಕ್ಸಿಂಗ್ ಕೋಚ್ ಅಲ್ಲ, ನಡೆಯುವವರು! 1809ರಲ್ಲಿ ಗಂಟೆಗೊಂದು ಮೈಲಿಯಂತೆ 1,000 ಗಂಟೆಗಳಲ್ಲಿ 1,000 ಮೈಲಿ ನಡೆದು ಬಾಜಿ ಗೆದ್ದಿದ್ದವರು. ಅವರು ಕ್ರಿಬ್‌ನನ್ನು ಸ್ಕಾಟ್ಲೆಂಡಿನ ತಮ್ಮ ಜಾಗಕ್ಕೆ ಕರೆದೊಯ್ದು ಗುಡ್ಡಗಾಡಿನಲ್ಲಿ ದಿನಗಟ್ಟಲೆ ನಡೆಸಿದರು, ಓಡಿಸಿದರು. ನೂರು ಕೆಜಿ ದಾಟಿದ್ದ ಆಸಾಮಿ 85 ಕೆಜಿ ಸುಮಾರಿಗೆ ಬಂದ. 1811ರ ಸೆಪ್ಟೆಂಬರ್ 28ರಂದು ಮರುಪಂದ್ಯ ಹನ್ನೊಂದು ರೌಂಡಿಗೇ ಮುಗಿಯಿತು, ಮಾಲಿನೊ ದವಡೆ ಮುರಿದಿತ್ತು. ಮಾಲಿನೊಗೆ ಇಂಥ ತಯಾರಿ ಸಿಕ್ಕಿರಲಿಲ್ಲ ಅನ್ನುವುದನ್ನೂ ಹೇಳಬೇಕು.

ಮುಂದೆ ಮಹಮ್ಮದ್ ಅಲಿ ಭಾರದ ಬೂಟು ಹಾಕಿಕೊಂಡು ನಸುಕಿನಲ್ಲಿ ಓಡುತ್ತಿದ್ದುದು, ಮಾರ್ವಿನ್ ಹ್ಯಾಗ್ಲರ್ ಕಡಲ ತೀರದ ಮರಳಿನಲ್ಲಿ ಓಡುತ್ತಿದ್ದುದು ಎಲ್ಲ ಈ ಪದ್ಧತಿಯ ಮುಂದುವರಿಕೆ. ಭಾರದ ಬೂಟು ಕೀಲಿಗೆ ಒಳ್ಳೆಯದಲ್ಲ, ಅದನ್ನು ನಕಲು ಮಾಡಬೇಕಿಲ್ಲ.

ನಮ್ಮ ಕಡೆಯ ಗರಡಿಮನೆಗಳಲ್ಲಿ ರಸ್ತೆ ಓಟಕ್ಕಿಂತ ಬಸ್ಕಿ, ದಂಡ ಪ್ರಸಿದ್ಧ. ಆದರೆ ನಿಲ್ಲಿಸದೆ ಒಂದೇ ಲಯದಲ್ಲಿ ನೂರಾರು ಬಸ್ಕಿ ಹೊಡೆದರೆ ನಾಡಿ ಏರಿ ಅಲ್ಲೇ ನಿಲ್ಲುತ್ತದೆ. ಅದೂ ಏರೋಬಿಕ್ ಕೆಲಸವೇ. ಅವಧಿಯ ಮಿತಿ ಇಲ್ಲದ ಕುಸ್ತಿಗೆ ಅದು ಬೇಕೇ ಬೇಕಿತ್ತು. 1910ರಲ್ಲಿ ಲಂಡನ್‌ನಲ್ಲಿ ಗಾಮಾ ಪೈಲ್ವಾನ್ ಮತ್ತು ಪೋಲೆಂಡಿನ ಜ್ಬಿಸ್ಕೊ ಎರಡೂವರೆ ಗಂಟೆ ಹಿಡಿದಾಡಿ ಸಮಬಲದಲ್ಲಿ ಮುಗಿಸಿದ್ದರು. ಅದೇ ಜೋಡಿ 1928ರಲ್ಲಿ ಪಟಿಯಾಲದಲ್ಲಿ ಮತ್ತೆ ಎದುರಾದಾಗ ಗಾಮಾ ಒಂದು ನಿಮಿಷದೊಳಗೆ ಕೆಡವಿದರು. ಪಂದ್ಯ ಯಾವ ಕಡೆ ಹೋಗುತ್ತದೆ ಎಂದು ಮೊದಲೇ ಗೊತ್ತಾಗುವುದಿಲ್ಲ. ಹಾಗಾಗಿ ಎರಡಕ್ಕೂ ತಯಾರಿರಬೇಕು.

## ಸ್ಪ್ರಿಂಟ್ ಸಾಕು ಅನ್ನುವವರ ಮಾತು

ಇದು ಗಾಳಿಮಾತಲ್ಲ. ಜಪಾನಿನ ಇಜುಮಿ ತಬಾಟಾ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಬುನಾದಿ. ಒಂದು ಗುಂಪು ವಾರಕ್ಕೆ ಐದು ದಿನ, ದಿನಕ್ಕೆ ಒಂದು ಗಂಟೆ ಸಾಧಾರಣ ಜೋರಿನಲ್ಲಿ ಸೈಕಲ್ ತುಳಿಯಿತು. ಇನ್ನೊಂದು ಗುಂಪು 20 ಸೆಕೆಂಡ್ ಪೂರ್ತಿ ಜೋರು, 10 ಸೆಕೆಂಡ್ ಬಿಡುವು, ಹೀಗೆ ಏಳೆಂಟು ಸಲ ಮಾಡಿತು. ಆರು ವಾರದ ಮೇಲೆ ಎರಡೂ ಗುಂಪಿನವರಿಗೆ ಆಮ್ಲಜನಕ ಬಳಸುವ ಸಾಮರ್ಥ್ಯ ಹೆಚ್ಚಿತ್ತು. ಆಮ್ಲಜನಕ ಇಲ್ಲದೆ ಕೆಲಸ ಮಾಡುವ ಸಾಮರ್ಥ್ಯ ಜೋರಿನ ಗುಂಪಿಗೆ ಮಾತ್ರ ಹೆಚ್ಚಿತು, ಅದೂ ಶೇ 28ರಷ್ಟು.

ನಾಲ್ಕು ನಿಮಿಷದಲ್ಲಿ ಕೆಲಸ ಆಗುತ್ತದೆ ಎಂದ ಮೇಲೆ ಮುಕ್ಕಾಲು ಗಂಟೆ ಯಾರು ಓಡುತ್ತಾರೆ ಹೇಳಿ? ಆದರೆ ವಿಡಿಯೊ ಮಾಡುವವರು ಬಿಟ್ಟುಬಿಡುವ ಒಂದು ವಿವರ ಇದೆ. ಆ ಜೋರಿನ ಗುಂಪು ನಾಲ್ಕು ದಿನ ಜೋರು ಮಾಡಿ, ಐದನೇ ದಿನ ಅರ್ಧ ಗಂಟೆ ಸಾಧಾರಣ ವೇಗದಲ್ಲೂ ತುಳಿದಿತ್ತು. ಮತ್ತೆ, ಅವರು ವಾರಕ್ಕೆ ಮೂರು ದಿನ ಸ್ಪಾರಿಂಗ್ (ಜೊತೆಗಾರನೊಡನೆ ಅಭ್ಯಾಸದ ಕಾದಾಟ) ಮಾಡಿ ಹೊಡೆತ ತಿನ್ನುವ ಬಾಕ್ಸರ್‌ಗಳಾಗಿರಲಿಲ್ಲ.

ನನಗೆ ಮುಖ್ಯ ಅನ್ನಿಸುವುದು ಈ ಎರಡನೇ ಮಾತು. ಸ್ಪಾರಿಂಗ್, ಪ್ಯಾಡ್, ಬ್ಯಾಗ್, ಮ್ಯಾಟ್ ಮೇಲಿನ ಹಿಡಿದಾಟ, ಇವೆಲ್ಲ ಈಗಾಗಲೇ ಜೋರಿನ ಕೆಲಸ. ಅದರ ಮೇಲೆ ದಿನಾ ಸ್ಪ್ರಿಂಟ್ ಹೇರಿದರೆ ಮೈ ಚೇತರಿಸಿಕೊಳ್ಳುವುದಿಲ್ಲ, ಕಲಿಕೆ ಕೆಡುತ್ತದೆ. ನಿಧಾನ ಓಟದ ಅನುಕೂಲ ಅಂದರೆ ಅದು ಮೋಟಾರನ್ನು ಬೆಳೆಸುತ್ತದೆ, ಮರುದಿನದ ಸ್ಪಾರಿಂಗ್‌ಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ.

ನಿಧಾನ ಓಟಕ್ಕೆ ಮಿತಿಗಳೂ ಇವೆ. ಅದು ಪಂಚಿಗೆ ಭಾರ ತರುವುದಿಲ್ಲ, ವೇಗ ತರುವುದಿಲ್ಲ. ಅತಿಯಾದರೆ ಬಲವನ್ನೇ ತಿನ್ನುತ್ತದೆ. ಅಮೆರಿಕದ ರಾಬರ್ಟ್ ಹಿಕ್ಸನ್ 1980ರಲ್ಲಿ ತೋರಿಸಿದ್ದು ಇದನ್ನೇ. ಭಾರ ಎತ್ತುವ ಅಭ್ಯಾಸದ ಜೊತೆ ವಾರಕ್ಕೆ ಆರು ದಿನ ಕಷ್ಟದ ಓಟ, ಸೈಕಲ್ ಮಾಡಿದವರ ಬಲ ಸುಮಾರು ಏಳು ವಾರ ಏರಿತು, ಆಮೇಲೆ ನಿಂತಿತು, ಕೊನೆಯ ಎರಡು ವಾರ ಇಳಿಯಿತು. ಬರೀ ಭಾರ ಎತ್ತಿದವರ ಬಲ ಹತ್ತು ವಾರವೂ ಏರುತ್ತಲೇ ಹೋಯಿತು. ಆರು ದಿನದ ಕಷ್ಟದ ಓಟವೂ ಎರಡು ಮೂರು ದಿನದ ಹಗುರ ಓಟವೂ ಒಂದೇ ಅಲ್ಲ ಅನ್ನುವುದನ್ನು ಇಲ್ಲಿ ಮರೆಯಬಾರದು.

ಇನ್ನೊಂದು ಮಿತಿ. ಓಟದಿಂದ ಹೃದಯ ಇಡೀ ಮೈಗೆ ಲಾಭ ಕೊಡುತ್ತದೆ. ಆದರೆ ಸಣ್ಣ ರಕ್ತನಾಳಗಳು ಹೆಚ್ಚುವುದು ದುಡಿದ ಸ್ನಾಯುವಿನಲ್ಲಿ, ಅಂದರೆ ಕಾಲಿನಲ್ಲಿ. ಬಾಕ್ಸರ್‌ಗೆ ಮೂರನೇ ರೌಂಡಿನಲ್ಲಿ ಕೈ ಕೆಳಗಿಳಿಯುವುದು ಭುಜದ ಸುಸ್ತಿನಿಂದ. ಅದಕ್ಕೆ ಹಗುರ ವೇಗದಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸದ ಶ್ಯಾಡೋ ಬಾಕ್ಸಿಂಗ್ (ಎದುರಾಳಿ ಇಲ್ಲದೆ ಗಾಳಿಗೆ ಪಂಚ್ ಹಾಕುವುದು), ಸ್ಕಿಪ್ಪಿಂಗ್ ಬೇಕು. ಕುಸ್ತಿಪಟುವಿನ ಹಿಡಿತಕ್ಕೆ ಹಗ್ಗ ಹತ್ತುವುದು ಬೇಕು. ಓಟ ಇವುಗಳ ಬದಲಿಯಲ್ಲ.

## ಎಷ್ಟು, ಯಾವಾಗ, ಯಾವ ವೇಗದಲ್ಲಿ

ವಾರಕ್ಕೆ ಎರಡು ಮೂರು ಸಲ, 30ರಿಂದ 45 ನಿಮಿಷ. ಹೆಚ್ಚಿನವರಿಗೆ ಇಷ್ಟು ಸಾಕು. ಪಂದ್ಯ ದೂರ ಇರುವಾಗ ಹಗುರ ಓಟ ಜಾಸ್ತಿ, ಹತ್ತಿರ ಬಂದ ಹಾಗೆ ಅದನ್ನು ಕಮ್ಮಿ ಮಾಡಿ ರೌಂಡಿನ ಅವಧಿಗೆ ಹೊಂದುವ ಜೋರಿನ ಕೆಲಸ ಸೇರಿಸುವುದು ರೂಢಿ.

ವೇಗದ ವಿಷಯದಲ್ಲೇ ಹುಡುಗರು ಎಡವುವುದು. ಗುಂಪಿನಲ್ಲಿ ಓಡಿದರೆ ಐದು ನಿಮಿಷಕ್ಕೆ ಪೈಪೋಟಿ ಶುರು. ಏದುಸಿರು ಬರುವಷ್ಟು ಜೋರು, ಸ್ಪ್ರಿಂಟ್ ಆಗದಷ್ಟು ನಿಧಾನ, ಹೀಗೆ ಎರಡೂ ಅಲ್ಲದ ವೇಗದಲ್ಲಿ ದಿನಾ ಓಡಿದರೆ ಸುಸ್ತು ಸೇರುತ್ತದೆ, ಲಾಭ ಕಮ್ಮಿ. ಪರೀಕ್ಷೆ ಸುಲಭ: ಓಡುತ್ತಲೇ ಒಂದು ಪೂರ್ತಿ ವಾಕ್ಯ ತಡೆಯದೆ ಹೇಳಲು ಬರಬೇಕು. ಇಪ್ಪತ್ತರ ಆಸುಪಾಸಿನವರಿಗೆ ನಾಡಿ ಸಾಮಾನ್ಯವಾಗಿ 130ರಿಂದ 150ರೊಳಗೆ ಇರುತ್ತದೆ. ಹೊಸಬರಿಗೆ ಈ ವೇಗ ಬಿರುಸು ನಡಿಗೆಯೇ ಆಗಿರಬಹುದು. ನಾಚಿಕೆ ಪಡಬೇಕಾಗಿಲ್ಲ. ಬಾರ್ಕ್ಲೆ ಕೂಡ ನಡೆಸಿಯೇ ಶುರು ಮಾಡಿದ್ದು.

ಫಲ ಸಿಗುತ್ತಿದೆಯಾ ಎಂದು ನೋಡಲು ದುಬಾರಿ ವಾಚ್ ಬೇಡ. ಬ್ಯಾಗ್ ಮೇಲೆ ಒಂದು ಜೋರು ರೌಂಡ್ ಮುಗಿಸಿ, ತಕ್ಷಣ ಕುತ್ತಿಗೆಯ ಪಕ್ಕ ಎರಡು ಬೆರಳಿಟ್ಟು 15 ಸೆಕೆಂಡ್ ನಾಡಿ ಎಣಿಸಿ ನಾಲ್ಕರಿಂದ ಗುಣಿಸಿ. ಕೂತು, ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಿ. ಮೊದಲ ತಿಂಗಳು 180ರಿಂದ 160ಕ್ಕೆ ಇಳಿಯುತ್ತಿದ್ದದ್ದು ಆಮೇಲೆ 140ಕ್ಕೆ ಇಳಿಯಲು ಶುರುವಾದರೆ, ಬೆಳಗಿನ ಓಟ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ.

ಭಾರ ಎತ್ತುವ ದಿನ ಓಟವೂ ಇದ್ದರೆ ನಡುವೆ ಕೆಲವು ಗಂಟೆ ಅಂತರ ಇರಲಿ. ಮೈ ಭಾರ ಇರುವವರು, ಮೊಣಕಾಲು ನೋವಿರುವವರು ಓಟಕ್ಕೇ ಅಂಟಿಕೊಳ್ಳಬೇಕಿಲ್ಲ. ಸೈಕಲ್, ಈಜು ಕೂಡ ಹೃದಯಕ್ಕೆ ಇದೇ ಕೆಲಸ ಕೊಡುತ್ತವೆ. ಓಡುವಾಗ ಎದೆ ನೋವು, ತಲೆಸುತ್ತು ಬಂದರೆ ಅಥವಾ ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆಯಿಂದ ಯಾರಾದರೂ ತೀರಿಕೊಂಡಿದ್ದರೆ ಮೊದಲು ಡಾಕ್ಟರಿಗೆ ತೋರಿಸಬೇಕು. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಏಳು ಗಂಟೆಯ ಮೇಲೆ ಓಡಿಸುವುದು ಸುಮ್ನೆ ಮಕ್ಕಳನ್ನು ದಂಡಿಸಿದ ಹಾಗೆ. ಬಿಸಿಗೆ ನಾಡಿ ತಾನಾಗಿ ಏರುತ್ತದೆ, ಹಗುರ ಓಟ ಹಗುರವಾಗಿ ಉಳಿಯುವುದಿಲ್ಲ.

ಪಂದ್ಯ ಮುಗಿದ ಮೇಲೆ ಒಂದು ವಾರ ಪೂರ್ತಿ ಬಿಟ್ಟರೂ ನಷ್ಟ ದೊಡ್ಡದಲ್ಲ. ಹೆಚ್ಚಿದ್ದ ಪ್ಲಾಸ್ಮಾ ಮೊದಲು ಇಳಿಯುತ್ತದೆ. ಎರಡು ಮೂರು ವಾರ ದಾಟಿದರೆ ಆಮ್ಲಜನಕ ಬಳಸುವ ಸಾಮರ್ಥ್ಯವೂ ಕಾಣುವಷ್ಟು ಕುಸಿಯಲು ಶುರುವಾಗುತ್ತದೆ. ಅದಕ್ಕೇ ಅನುಭವಿ ಕೋಚ್‌ಗಳು ಪಂದ್ಯವಿಲ್ಲದ ತಿಂಗಳಲ್ಲಿ ಸ್ಪಾರಿಂಗ್ ನಿಲ್ಲಿಸಿದರೂ ವಾರಕ್ಕೆರಡು ಹಗುರ ಓಟವನ್ನು ಮಾತ್ರ ಬಿಡಿಸುವುದಿಲ್ಲ.